ಅರವತ್ತೆಂಟರ ಬಾಡಿ, ಎಪ್ಪತ್ತರ ಮೂತಿ

ಟೊಲೆಡೊ
ಅಕ್ಟೋಬರ್ ೯

ಪ್ರಿಯ ಮಾರ್ಲಾ,

ವೇಡ್‌ನ ಕಾರಿನ ಕೆಲಸ ಬಹುಪಾಲು ಮುಗಿಯಿತು. ಅರವತ್ತೆಂಟನೇ ಇಸವಿಯ ಕಾರಿನ ಬಾಡಿಯ ಮುಂದಕ್ಕೆ ಎಪ್ಪತ್ತರ ಕಾರಿನ ಮೂತಿ ಕೂರಿಸಲು ಅವನು ಹೊರಟಾಗ ನಾನು ನಕ್ಕಿದ್ದೆ. "ಇದ್ಯಾವ ವರ್ಷದ ಕಾರು ಅಂತ ಜನ ಕೇಳಿದ್ರೆ ಏನಂತೀಯೋ?" ಅಂದೆ. "ನಮ್ಮಪ್ಪ ಕೈ ಹಾಕದ ವರ್ಷದ್ದು ಅಂತೀನಿ ಬಿಡಪ್ಪ" ಅಂದ. ನಾನು ನಿಜಕ್ಕೂ ಕೈ ಹಾಕಲಿಲ್ಲ. ಎರಡೂ ಕಡೆಯ ಮಡ್‌ಗಾರ್ಡುಗಳನ್ನು ಮಗ ಒಬ್ಬನೇ ಕತ್ತರಿಸಿ ಬೆಸೆದ. ಏಪ್ರಿಲ್‌ನಲ್ಲಿ ಅವನು ತೀರಿಕೊಂಡಾಗ ಬಾಗಿಲು ಹೊಂದಿಸುವುದು ಮತ್ತು ಬಣ್ಣ ಮಾತ್ರ ಬಾಕಿಯಿದ್ದವು.

"ವೆಲ್ಡಿಂಗ್ ಒರಟಾಗಿದ್ರೂ ಹಾಗೇ ಇರ್ಲಿ ಮಾವ, ಅದು ಅವನ ಕೈಕೆಲ್ಸ" ಎಂದು ನೀನು ಫೋನಿನಲ್ಲಿ ಹೇಳಿದ್ದನ್ನು ನಾನು ಮರೆತಿರಲಿಲ್ಲ. ಆದರೂ ಮಂಗಳವಾರ ಬಾಗಿಲಿನ ಸಂದು ಸರಿಮಾಡುವಾಗ ಕಬ್ಬಿಣ ಉಜ್ಜುವ ಗ್ರೈಂಡರ್ ಕೈಯಲ್ಲಿತ್ತು. ಉಬ್ಬು ಕಂಡಲ್ಲೆಲ್ಲ ನಲವತ್ತು ವರ್ಷ ಉಜ್ಜಿದ ಕೈ ಇದು. ಎಚ್ಚರವಾಗುವಷ್ಟರಲ್ಲಿ ಬಲಗಡೆಯ ಬೆಸುಗೆ ಪೂರ್ತಿ ನಯವಾಗಿತ್ತು. ಅವನು ಎಲ್ಲಿ ಜೋಡಿಸಿದ್ದನೆಂದು ಈಗ ನನಗೇ ಗುರುತು ಸಿಗುವುದಿಲ್ಲ.

ಎಡಗಡೆಯದು ಹಾಗೇ ಇದೆ. ದಿನಕ್ಕೆರಡು ಸಲ ಅದರ ಮೇಲೆ ಬೆರಳಾಡಿಸುತ್ತೇನೆ. ಕೆಲಸ ಚೆನ್ನಾಗಿಲ್ಲ, ಕೈ ಗ್ರೈಂಡರಿನತ್ತ ಹೋಗುತ್ತದೆ. ಶನಿವಾರದೊಳಗೆ ಬಂದು ಕಾರು ತೆಗೆದುಕೊಂಡು ಹೋಗು. ಬಣ್ಣವನ್ನು ಬೇರೆ ಯಾರ ಹತ್ತಿರವಾದರೂ ಹೊಡೆಸು.

ನಿನ್ನ ಮಾವ,
ವರ್ಲಿನ್