ಆ ದನಿ

ಸೆಪ್ಟೆಂಬರ್ 3, ಬೆಳಿಗ್ಗೆ

ಬಸ್ಸಿನಲ್ಲಿ ಮತ್ತೆ ಅದೇ ಪಾಠ. ಮಗುವನ್ನು ಶಾಲೆಯಿಂದ ಹೊರಗೆ ಹಾಕುವ ಮೊದಲು ಅದರ ಮಾತು ಕೇಳಬೇಕು. ಎರಡು ಸಲ ಓದಿದೆ. ಮೂರನೆಯ ಸಲಕ್ಕೆ ತೂಕಡಿಕೆ. ಇಳಿಯಬೇಕಾದ ಸ್ಟಾಪ್ ದಾಟಿಹೋಯಿತು. ಅರ್ಧ ಆಯುಷ್ಯ ಗಣಿತ ಕಲಿಸಿ, ಕೆಲಸ ಬಿಟ್ಟು, ಈಗ ಶಿಕ್ಷಣ ಕಾನೂನು ಓದಲು ಹೊರಟವಳ ಗತಿ ಇದು.

ಹೊರಡುವಾಗ ಅತ್ತೆ ಕೇಳಿದರು, "ಅಲ್ಲಮ್ಮಾ, ಇದನ್ನ ಓದಿ ಏನಾಗ್ತೀಯ? ಜಡ್ಜಾ?"

"ಇಲ್ಲ ಅತ್ತೆ."

"ಮತ್ತೆ?"

ಅಷ್ಟರಲ್ಲಿ ಹಾಲು ಉಕ್ಕಿತು. ಬಚಾವಾದೆ.

ಸೆಪ್ಟೆಂಬರ್ 5

ಕ್ಲಾಸಿನಲ್ಲಿ ಎಲ್ಲರಿಗೂ ದಾರಿ ಗೊತ್ತು. ಪಕ್ಕದ ಬೆಂಚಿನ ಕನ್ನಡಕದ ಹುಡುಗ ಯಾವುದಾದರೂ ದೊಡ್ಡ ಶಾಲೆಗೆ ಕಾನೂನು ಅಧಿಕಾರಿ ಆಗುತ್ತಾನಂತೆ. ಮುಂದಿನ ಬೆಂಚಿನ ಜಾಣೆಗೆ ಇಲಾಖೆಯಲ್ಲಿ ಕೂತು ನಿಯಮ ಬರೆಯುವ ಆಸೆ. ಇನ್ನೊಬ್ಬಳು ಯೂನಿವರ್ಸಿಟಿ ಕಡೆ. ಎಲ್ಲರೂ ನನ್ನ ಮಕ್ಕಳ ವಯಸ್ಸಿನವರು. ನನ್ನನ್ನು "ಮಿಸ್" ಅನ್ನುತ್ತಾರೆ.

"ಮಿಸ್, ನಿಮ್ ಪ್ಲಾನ್ ಏನು?"

"ಪಾಸಾಗೋದು."

ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಸೆಪ್ಟೆಂಬರ್ 11

ಕ್ಲಿನಿಕ್‌ನಲ್ಲಿ ಮೊದಲ ಕೇಸು. ಕ್ಲಿನಿಕ್ ಅಂದರೆ ಕಾಲೇಜಿನ ಹಿಂಭಾಗದ ಕೋಣೆ — ಒಂದು ಮೇಜು, ಕುಂಟುವ ಫ್ಯಾನು, ಶಾಲೆಯ ತಕರಾರು ಹೊತ್ತು ಬರುವವರಿಗೆ ಉಚಿತ ಸಲಹೆ. ನಡೆಸುವವರು ವಕೀಲೆ ಮೇಡಂ. ಮಾತು ಕಡಿಮೆ, ಕಣ್ಣು ಚುರುಕು.

ಬಂದವರು ಟೈಲರ್ ಹೆಂಗಸು ಮತ್ತು ಅವಳ ಮಗಳು. ಒಂಬತ್ತನೆಯ ಕ್ಲಾಸು. ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ಒಡೆದಿದೆ. ಕೊನೆಗೆ ಹೊರಬಂದವಳು ಇವಳು. ಶಾಲೆ ಟಿ.ಸಿ. ಕೊಟ್ಟು ಕಳಿಸುತ್ತದಂತೆ. ಮೇಡಂ ಪತ್ರ ಬರೆದ ಮೇಲೆ, ಮೊದಲು ವಿಚಾರಣೆ ಮಾಡಲು ಒಪ್ಪಿದ್ದಾರೆ.

"ಇವಳು ಒಪ್ಪಿಕೊಂಡಿದ್ದಾಳೆ ಅಂತಾರೆ ಶಾಲೆಯೋರು, ಮೇಡಂ," ತಾಯಿ ಅಂದಳು. "ಮನೇಲಿ ಕೇಳಿದ್ರೆ ಬಾಯೇ ಬಿಡಲ್ಲ."

ಹುಡುಗಿ ಇಡೀ ಹೊತ್ತು ಫ್ಯಾನು ನೋಡುತ್ತಿದ್ದಳು.

ಸೆಪ್ಟೆಂಬರ್ 14

ವಿಚಾರಣೆಗೆ ಮುಂಚೆ ರಿಹರ್ಸಲ್ ಮಾಡಿಸುವುದು ಇಲ್ಲಿನ ಪದ್ಧತಿ. ನಮ್ಮಲ್ಲಿ ಒಬ್ಬರು ಪ್ರಿನ್ಸಿಪಾಲ್ ಪಾತ್ರ ಮಾಡಬೇಕು. ಎಲ್ಲರೂ ನನ್ನ ಕಡೆ ಬೆರಳು ತೋರಿಸಿದರು. ನನಗೂ ಒಳಗೊಳಗೇ ಖುಷಿ. ನನ್ನ ಕ್ಲಾಸ್‌ರೂಮಿನ ದನಿ ಹಳೆಯ ಶಾಲೆಯಲ್ಲಿ ಹೆಸರುವಾಸಿ. ಕಾರಿಡಾರಿನ ಆ ತುದಿಯಲ್ಲಿದ್ದವರೂ ಸುಮ್ಮನಾಗುತ್ತಿದ್ದರು.

ಕುರ್ಚಿಯಲ್ಲಿ ನೆಟ್ಟಗೆ ಕೂತೆ. "ಮೈಕ್ರೋಸ್ಕೋಪ್ ಒಡೆದದ್ದು ಯಾರು?"

ಹುಡುಗಿ ಎದ್ದು ನಿಂತಳು. ಕೈ ಹಿಂದೆ. "ನಾನೇ ಮಿಸ್. ಸಾರಿ ಮಿಸ್."

ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕನ್ನಡಕದ ಹುಡುಗ ಮೆಲ್ಲಗೆ, "ಕೇಸ್ ಮುಗೀತು" ಅಂದ.

ಮೇಡಂ ಎಲ್ಲರನ್ನೂ ಟೀ ಕುಡಿಯಲು ಕಳಿಸಿದರು. ನಾನು ಹೋಗಲಿಲ್ಲ. ನೆಲದ ಮೇಲೆ ಗೋಡೆಗೆ ಒರಗಿ ಕೂತೆ. ಸ್ವಲ್ಪ ಹೊತ್ತಿಗೆ ಹುಡುಗಿಯೂ ಬಂದು ಪಕ್ಕ ಕೂತಳು.

"ನಿಜವಾಗ್ಲೂ ನೀನೇನಾ?"

"ಇಲ್ಲ."

"ಮತ್ತೆ ಯಾಕೆ ಹಾಗಂದೆ?"

"ನೀವು ಮಿಸ್ ಥರ ಕೇಳಿದ್ರಲ್ಲ." ಉಗುರು ಕಚ್ಚಿದಳು. "ಸಾರಿ ಅಂದ್ರೆ ಬೇಗ ಬಿಡ್ತಾರೆ. ಎಲ್ಲಾರೂ ಹಂಗೇ ಮಾಡೋದು."

ಆಮೇಲೆ ತಾನಾಗಿಯೇ ಹೇಳಿದಳು. ಎಲ್ಲರೂ ಹೋದ ಮೇಲೂ ಉಳಿದಿದ್ದು ಈರುಳ್ಳಿ ಸಿಪ್ಪೆಯನ್ನು ಇನ್ನೊಂದು ಸಲ ನೋಡುವ ಆಸೆಗೆ. ಕಣ್ಣಿಟ್ಟರೆ ಗಾಜು ಆಗಲೇ ಒಡೆದಿತ್ತು. ಲ್ಯಾಬ್ ಟೀಚರ್ ಒಳಗೆ ಬಂದರು, ಯಾರು ಒಡೆದದ್ದು ಅಂತ ಕೇಳಿದರು. ಇವಳು ಸಾರಿ ಅಂದಳು. ಅಷ್ಟೇ. ಶಾಲೆಯವರ ಕೈಯಲ್ಲಿರುವ ಒಪ್ಪಿಗೆ ಅಷ್ಟೇ.

ಸೆಪ್ಟೆಂಬರ್ 16

ಮನೆಯಲ್ಲಿ ಪರೀಕ್ಷೆ ಮಾಡಿ ನೋಡಿದೆ. ಬಾತ್‌ರೂಮಿನ ಲೈಟು ಉರಿಯುತ್ತಿತ್ತು. ಹಳೆಯ ದನಿ ತೆಗೆದೆ — "ಲೈಟ್ ಆರಿಸದೆ ಬಂದದ್ದು ಯಾರು?"

ಒಳಕೋಣೆಯಿಂದ ಇವರು, "ಸಾರಿ." ಅಡುಗೆಮನೆಯಿಂದ ಅತ್ತೆ, "ನಾನೇ ಇರಬೇಕು ಕಣಮ್ಮಾ."

ಉರಿಸಿದವಳು ನಾನು. ನಗು ಬಂತು, ಆಮೇಲೆ ಬರಲಿಲ್ಲ.

ಸೆಪ್ಟೆಂಬರ್ 20, ಸಂಜೆ

ವಿಚಾರಣೆ ಮುಗಿಯಿತು.

ಶಾಲೆಯ ಮೀಟಿಂಗ್ ರೂಮು. ಪ್ರಿನ್ಸಿಪಾಲ್, ಆಡಳಿತ ಮಂಡಳಿಯ ಇಬ್ಬರು, ಲ್ಯಾಬ್ ಟೀಚರ್ — ತೀರಾ ಚಿಕ್ಕ ವಯಸ್ಸಿನವಳು. ಹುಡುಗಿಗೆ ಕುರ್ಚಿ ಹಾಕಿರಲಿಲ್ಲ. ಮೇಡಂ ಕೇಳಿ ಹಾಕಿಸಿದರು.

"ಅವಳೇ ಒಪ್ಪಿಕೊಂಡಿದ್ದಾಳಲ್ಲ, ಇನ್ನೇನು?" ಮಂಡಳಿಯ ದಪ್ಪ ಮೀಸೆಯವರು ಗಡಿಯಾರ ನೋಡಿದರು.

ಹುಡುಗಿಯ ಪರ ಮಾತಾಡುವ ಕೆಲಸ ಮೇಡಂ ನನಗೇ ವಹಿಸಿದ್ದರು. ಬರೆದುಕೊಂಡು ಹೋದದ್ದೆಲ್ಲ ಮರೆತುಹೋಯಿತು. ಹುಡುಗಿಯ ಕೈ ಆಗಲೇ ಬೆನ್ನ ಹಿಂದೆ ಸರಿಯುತ್ತಿತ್ತು. ಅದನ್ನು ನೋಡಿ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಿಲ್ಲ.

ಎದ್ದೆ. ಮೇಜನ್ನೊಮ್ಮೆ ನೋಡಿದೆ. ಆ ದನಿಯಲ್ಲೇ — "ಇಲ್ಲಿದ್ದ ನನ್ನ ಪೆನ್ ತೆಗೆದದ್ದು ಯಾರು?"

ಮೀಸೆಯವರು ಜೇಬು ಮುಟ್ಟಿಕೊಂಡರು. ಪ್ರಿನ್ಸಿಪಾಲ್ ಫೈಲಿನ ಕೆಳಗೆ ನೋಡಿದರು. ಲ್ಯಾಬ್ ಟೀಚರ್ ಅರ್ಧ ಎದ್ದು, "ಸಾರಿ ಮಿಸ್... ಹುಡುಕ್ತೀನಿ ಮಿಸ್" ಅಂದಳು.

ಬ್ಯಾಗಿನಿಂದ ಪೆನ್ ತೆಗೆದು ಮೇಜಿನ ಮೇಲಿಟ್ಟೆ. "ಯಾರೂ ತೆಗೆದಿರಲಿಲ್ಲ. ಆದ್ರೆ ಇವರು ಸಾರಿ ಅಂದ್ರು. ಇದನ್ನ ಒಪ್ಪಿಗೆ ಅಂತ ಬರ್ಕೊಳ್ಳೋಣ್ವಾ?"

ಲ್ಯಾಬ್ ಟೀಚರ್ ಮುಖ ಕೆಂಪಾಗಿತ್ತು. ಕೊನೆಗೆ ಅವಳೇ ಹೇಳಿದಳು, "ನಾನೂ ಹೀಗೇ ಕೇಳಿದ್ದೆ ಮ್ಯಾಮ್. ಒಡೆದಿದ್ದನ್ನ ನಾನು ನೋಡಿಲ್ಲ."

ಹೊರಗೆ ಬಂದ ಮೇಲೆ ಮೇಡಂ ತಣ್ಣಗೆ, "ಕೋರ್ಟಲ್ಲಿ ಈ ನಾಟಕ ಆಡಿದ್ರೆ ಒದ್ದು ಓಡಿಸ್ತಾರೆ, ಗೊತ್ತಿರ್ಲಿ" ಅಂದರು. ಬೆನ್ನು ಮಾತ್ರ ತಟ್ಟಿದರು.

ಸೆಪ್ಟೆಂಬರ್ 24

ಹುಡುಗಿ ಶಾಲೆಯಲ್ಲೇ ಉಳಿಯುತ್ತಾಳೆ. ತಾಯಿ ಫೋನಿನಲ್ಲಿ ಅತ್ತಳು. ನಾನೂ ಸ್ವಲ್ಪ.

ಮಧ್ಯಾಹ್ನ ಇನ್ನೊಂದು ಫೋನು, ಪ್ರಿನ್ಸಿಪಾಲರದು. ಓದು ಮುಗಿದ ಮೇಲೆ ಅವರ ಶಾಲೆಗೇ ಬರಬೇಕಂತೆ. ನಿಯಮ ನೋಡಿಕೊಳ್ಳಲು, ಇಂಥ ವಿಚಾರಣೆ ಸರಿಯಾಗಿ ನಡೆಸಲು. ಯೋಚಿಸುತ್ತೇನೆ ಅಂದೆ.

ಅತ್ತೆಗೆ ಹೇಳಿದೆ. "ಬಿಟ್ಟು ಬಂದ ಶಾಲೆಗೇ ಸುತ್ತಿ ಬಳಸಿ ಹೋಗೋಕೆ ಇಷ್ಟೆಲ್ಲಾ ಓದಬೇಕಿತ್ತಾ?" ಅಂದರು.

"ಅದೇ ಶಾಲೆ ಅಲ್ಲ ಅತ್ತೆ."

"ಎಲ್ಲಾ ಒಂದೇ ಕಣೆ."

ಅದೇ ನನ್ನ ಭಯವೂ.

ಅಕ್ಟೋಬರ್ 9

ಇಷ್ಟು ದಿನ ಬರೆಯಲಿಲ್ಲ. ಪರೀಕ್ಷೆ. ಉತ್ತರ ಇನ್ನೂ ಕೊಟ್ಟಿಲ್ಲ.

ಇವತ್ತು ಹುಡುಗಿ ಕ್ಲಿನಿಕ್‌ಗೆ ಬಂದಿದ್ದಳು, ಸುಮ್ಮನೆ. ಕೇಳದೆಯೇ ಕುರ್ಚಿ ಎಳೆದುಕೊಂಡು ಕೂತಳು. ನಿಮ್ಮ ಶಾಲೆಗೆ ಕರೆಯುತ್ತಿದ್ದಾರೆ, ಹೋಗಲಾ ಅಂತ ಕೇಳಿದೆ. ಫ್ಯಾನು ನೋಡುತ್ತಾ ಯೋಚಿಸಿದಳು.

"ಬನ್ನಿ ಮಿಸ್. ಆದ್ರೆ ಆ ದನಿ ತರಬೇಡಿ."

"ನನ್ನ ಹತ್ರ ಇನ್ನೊಂದು ಇದ್ಯಾ?"

"ಇದೆ. ಅವತ್ತು ನೆಲದ ಮೇಲೆ ಕೂತ್ಕೊಂಡು ಕೇಳಿದ್ರಲ್ಲ, ಅದು."

ಅಕ್ಟೋಬರ್ 10, ಬೆಳಿಗ್ಗೆ

ಪ್ರಿನ್ಸಿಪಾಲರಿಗೆ ಫೋನ್ ಮಾಡಬೇಕು. ಬರುತ್ತೇನೆ ಅನ್ನಬೇಕು. ಒಂದು ಷರತ್ತು — ಮಗುವಿಗೆ ಮೊದಲ ಪ್ರಶ್ನೆ ಕೇಳುವವಳು ನಾನು, ಅದೂ ಕೂತು. ಹೇಳುವ ಮಾತನ್ನು ಆ ಇನ್ನೊಂದು ದನಿಯಲ್ಲಿ ಗಟ್ಟಿಯಾಗಿ ಹೇಳಿ ನೋಡುತ್ತಿದ್ದೆ. ಅಡುಗೆಮನೆಯಿಂದ ಅತ್ತೆ, "ಯಾರ ಹತ್ರ ಅಷ್ಟು ಮೆತ್ತಗೆ ಮಾತಾಡ್ತಿದ್ದೀಯ?" ಅಂತ ಕೇಳಿದರು.

ರಿಂಗ್ ಆಗುತ್ತಿದೆ. ಎತ್ತಿದರು.