ಈ ವಾರ ಮೀನಿಲ್ಲ

ಮಾರ್ಚ್ ೧೪, ಶನಿವಾರ
ಬೆಳಿಗ್ಗೆ ಹನ್ನೊಂದು ಗಂಟೆ

ಪ್ರೀತಿಯ ಚೂಟಿಗೆ ಅಕ್ಕನ ಆಶೀರ್ವಾದಗಳು.

ನಾನು ಚೆನ್ನಾಗಿದ್ದೇನೆ. ನಿಮ್ಮ ಭಾವನೂ ಚೆನ್ನಾಗಿದ್ದಾರೆ, ಅವರ ಎಡ ಮೊಣಕಾಲು ಮಾತ್ರ ಚೆನ್ನಾಗಿಲ್ಲ. ಡಾಕ್ಟರು ಮೆಟ್ಟಿಲು ಹತ್ತಬೇಡಿ ಅಂದಿದ್ದಾರೆ, ಇವರು ದಿನಾ ದೋಣಿ ಹತ್ತುತ್ತಾರೆ. ಕೇಳಿದರೆ ದೋಣಿಗೆ ಮೆಟ್ಟಿಲಿಲ್ಲವಲ್ಲ ಅನ್ನುತ್ತಾರೆ. ಇಂಥವರ ಜೊತೆ ಸಂಸಾರ ಮಾಡಿಕೊಂಡು ನಾನು ಇಷ್ಟಾದರೂ ನೆಟ್ಟಗಿರುವುದು ದೊಡ್ಡದು.

ಕಾಗದ ಬರೆಯುವುದು ತಡವಾಯಿತು. ತಡ ಅಂದರೆ ಮೂರು ವರ್ಷ. ಕ್ಷಮಿಸು. ಆದರೆ ನೀನೂ ಬರೆಯಲಿಲ್ಲ ಅನ್ನುವುದನ್ನು ಹೇಳದೆ ಬಿಟ್ಟರೆ ನಾನು ನಿನ್ನ ಅಕ್ಕನೇ ಅಲ್ಲ. ಅಲ್ಲಿ ಯಾರದೋ ದೋಣಿ ನಡೆಸುತ್ತೀಯಂತೆ, ಹೊಸ ಬಂದರಿನಲ್ಲಿ ನಿನ್ನನ್ನು ಎಲ್ಲರೂ ಕ್ಯಾಪ್ಟನ್ ಅಂತಲೇ ಕರೆಯುತ್ತಾರಂತೆ. ಐಸ್ ಲಾರಿಯವನು ಬಂದಾಗಲೆಲ್ಲ ನಿನ್ನ ಸುದ್ದಿ ಕೇಳುತ್ತೇನೆ. ನಾನು ಕೇಳಿದೆ ಅಂತ ನಿನಗೆ ಹೇಳಬಾರದು ಅಂತ ಅವನಿಂದ ಮಾತೂ ತೆಗೆದುಕೊಂಡಿದ್ದೇನೆ. ಈಗ ನಾನೇ ಬಾಯಿಬಿಟ್ಟೆ, ಹೋಗಲಿ.

ಈಗ ಸುದ್ದಿಗೆ ಬರುತ್ತೇನೆ. ನಾನು ವಾರದ ಹಾಳೆ ಬರೆಯುತ್ತಿದ್ದ ಸಂಘದ ಕೋಣೆಯಿಂದ ನನ್ನನ್ನು ಹೊರಗೆ ಹಾಕಿದ್ದಾರೆ. ಕಂಡವರ ಬಾಯಿಂದ ಉಪ್ಪು ಖಾರ ಹಚ್ಚಿಕೊಂಡು ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಇಪ್ಪತ್ತೆರಡು ವರ್ಷದಿಂದ ಪ್ರತಿ ಶನಿವಾರ ನಾನು ಬರೆದ ಹಾಳೆ ದೋಣಿ ಕಟ್ಟುವ ಧಕ್ಕೆಯ ಹಲಗೆಗೆ, ಎಲ್ಲ ಹೋಟೆಲುಗಳ ಬಾಗಿಲಿಗೆ ಹೋಗುತ್ತಿತ್ತು. ನೀರು ಎಷ್ಟು ಬಿಸಿ, ಬಣ್ಣ ಏನು, ಗಾಳಿ ಎತ್ತ, ಯಾವ ದೋಣಿಗೆ ಯಾವ ಮೀನು. ಗಾಳ ಹಾಕುವ ಹವ್ಯಾಸಕ್ಕೆ ಎಲ್ಲೆಲ್ಲಿಂದಲೋ ಬರುವ ಜನ ಅದನ್ನು ಓದಿ ದೋಣಿ ಹಿಡಿಯುತ್ತಿದ್ದರು. ಈ ಸಲ ಸಮುದ್ರ ಹೇಗಿದೆ ಗೊತ್ತಾ? ನೀರು ಮೂವತ್ತೊಂದು ಡಿಗ್ರಿ. ಬಣ್ಣ ತೊಳೆಯದ ಅಕ್ವೇರಿಯಮ್ಮಿನ ಹಸಿರು. ಗಾಳಿ ಮೂರು ವಾರದಿಂದ ದಿಕ್ಕು ಬದಲಿಸಿಲ್ಲ. ನೀಲಿ ನೀರು ದಡದಿಂದ ಎಷ್ಟೋ ಮೈಲಿ ಆಚೆ ಸರಿದುಬಿಟ್ಟಿದೆ, ಅದರ ಹಿಂದೆಯೇ ಎಲ್ಲರೂ ಹುಡುಕಿಕೊಂಡು ಬರುವ ಹಾಯಿಮೀನೂ ಹೋಗಿದೆ. ಒಂಬತ್ತು ದೋಣಿ ಬೆಳಿಗ್ಗೆ ಆರಕ್ಕೆ ಹೊರಡುತ್ತವೆ, ನಾಲ್ಕಕ್ಕೆ ಬರುತ್ತವೆ, ಒಂದರ ಕಂಬದ ಮೇಲೂ ಬಾವುಟ ಇರುವುದಿಲ್ಲ. ಹಿಡಿದ ಮೀನಿಗೆ ನೆಟ್ಟಗಿನ ಬಾವುಟ ಇಲ್ಲ, ಹಿಡಿದು ಬಿಟ್ಟ ಮೀನಿಗೆ ತಲೆಕೆಳಗಿನ ಬಾವುಟವೂ ಇಲ್ಲ. ಮೊನ್ನೆ ಒಬ್ಬ ಕ್ಯಾಪ್ಟನ್ ಒಣಗಲಿ ಅಂತ ಕೆಂಪು ಅಂಗಿ ಕಟ್ಟಿಕೊಂಡು ಬಂದ. ಚಹಾದಂಗಡಿಯಲ್ಲಿ ಕೂತವರೆಲ್ಲ ಲೋಟ ಬಿಟ್ಟು ಎದ್ದು ನಿಂತರು. ಅಂಗಿ ಅಂತ ಗೊತ್ತಾದ ಮೇಲೆ ಅವನನ್ನು ಬೈದ ಬೈಗುಳ ಕಾಗದದಲ್ಲಿ ಬರೆಯುವಂಥದ್ದಲ್ಲ.

ಕಳೆದ ಶನಿವಾರ ಇದನ್ನೆಲ್ಲ ಇದ್ದದ್ದು ಇದ್ದ ಹಾಗೆ ಹಾಕಿದೆ. ಏಳು ದಿನ, ಒಂಬತ್ತು ದೋಣಿ: ಮರಿ ಟ್ಯೂನಾ ಆರು, ಕೊಕ್ಕೆ ಬಿಡಿಸಿಕೊಂಡು ಹೋದ ಹಾಯಿಮೀನು ಒಂದು, ಪ್ಲಾಸ್ಟಿಕ್ ಕುರ್ಚಿ ಒಂದು. ತಲೆಬರಹ, ‘ಈ ವಾರ ಮೀನಿಲ್ಲ’. ಕೆಳಗೆ, ‘ಈಜಲು ಬನ್ನಿ, ನೀರು ಬೆಚ್ಚಗಿದೆ’.

ಸೋಮವಾರ ದೋಣಿ ಮಾಲೀಕರ ಸಂಘದ ಅಧ್ಯಕ್ಷ ಇಬ್ಬರನ್ನು ಹಿಂದಿಟ್ಟುಕೊಂಡು ನನ್ನ ಕೋಣೆಗೆ ಬಂದ. ಅಧ್ಯಕ್ಷ ಯಾರು ಅಂದುಕೊಂಡೆ? ನಿನ್ನ ಪಕ್ಕದಲ್ಲೇ ದೋಣಿ ಕಟ್ಟುತ್ತಿದ್ದ ಎಣ್ಣೆತಲೆ. ಕುರ್ಚಿ ಸಿಕ್ಕ ಮೇಲೆ ಎಣ್ಣೆ ಇನ್ನೂ ಜಾಸ್ತಿಯಾಗಿದೆ.

"ಅಕ್ಕಾ, ಗಾಳದ ಸ್ಪರ್ಧೆಗೆ ಇನ್ನು ಹತ್ತೇ ದಿನ. ಜನ ಫೋನ್ ಮಾಡಿ ಬರಲ್ಲ ಅಂತಿದಾರೆ. ನೀವು ಹಿಂಗೆ ಬರೆದ್ರೆ ನಾವೇನು ಗಾಳಿ ಕುಡ್ಕೊಂಡು ಬದುಕ್ಬೇಕಾ?" ಅಂದ.

"ಮತ್ತೇನು ಬರೀಲಿ?"

"ಜಾಸ್ತಿ ಏನಿಲ್ಲ. ಮೀನು ದಡದ ಕಡೆ ಬರ್ತಾ ಇದೆ ಅಂತ ಒಂದೇ ಒಂದು ಸಾಲು."

"ಮೀನು ನಿಮಗೆ ಹೇಳಿ ಕಳಿಸ್ತಾ?" ಅಂದೆ. ಹಿಂದೆ ನಿಂತಿದ್ದ ಇಬ್ಬರಿಗೂ ಒಟ್ಟಿಗೇ ಕೆಮ್ಮು ಬಂತು.

ಅವನ ಮುಖ ಕೆಂಪಾಯಿತು. "ಎಲ್ಲಾ ಬಂದರಲ್ಲೂ ಹಿಂಗೇ ಬರೀತಾರೆ ಅಕ್ಕಾ."

"ಎಲ್ಲಾ ಬಂದರಿನ ಹಾಳೆ ನಾನು ಬರೆಯಲ್ಲ. ಇದರಲ್ಲಿ ನಾನು ಕಣ್ಣಾರೆ ಕಂಡಿದ್ದು ಬಿಟ್ಟು ಬೇರೆ ಬರಲ್ಲ. ಸ್ವಂತ ತಂಗಿ ಮೀನನ್ನೇ ಹೊಡೆದು ಹಾಕಿದ ಕೈ ಇದು. ನಿಮ್ಮ ಸ್ಪರ್ಧೆಗೆ ಬಗ್ಗತ್ತಾ?"

ಹೌದು ಕಣೇ, ನಿನ್ನ ಮೀನನ್ನು ಎತ್ತಿ ಅವನ ಮುಖಕ್ಕೆ ಹಿಡಿದೆ. ಮೂರು ವರ್ಷದಿಂದ ಯಾರು ಏನೇ ಅಂದರೂ ನಾನು ತೋರಿಸುವುದು ಅದೇ. ನಿನಗೆ ಓದಿ ಸಿಟ್ಟು ಬರುತ್ತದೆ, ಬರಲಿ, ಮುಚ್ಚಿಡುವುದಿಲ್ಲ. ಸೀಸನ್ನಿನ ಕೊನೆಯ ದಿನ, ನಿನ್ನ ‘ಬೆಳ್ಳಿಚುಕ್ಕಿ’ ದೋಣಿಯಲ್ಲಿ ಗಿರಾಕಿಯಾಗಿ ಬಂದಿದ್ದ ಆ ಹಲ್ಲಿನ ಡಾಕ್ಟರಮ್ಮ ಮೂರು ಗಂಟೆ ಹೊತ್ತು ಹಾಯಿಮೀನಿನ ಜೊತೆ ಹೋರಾಡಿದ್ದು, ಕೊನೆಗೆ ದೀಪಸ್ತಂಭದ ಬಂಡೆಯ ಹತ್ತಿರ ಅದನ್ನು ದೋಣಿಗೆ ಎಳೆದದ್ದು, ಎಲ್ಲ ಊರಿಗೇ ಗೊತ್ತು. ಆ ವರ್ಷದ ಅತಿ ದೊಡ್ಡ ಮೀನು. ಬಹುಮಾನದ ಕಪ್ ನಿನ್ನ ದೋಣಿಗೇ ಅಂತ ಎಲ್ಲರೂ ಅಂದುಕೊಂಡಿದ್ದರು. ಆದರೆ ನಿಯಮ ಇದೆಯಲ್ಲ, ಮೀನು ಕಚ್ಚಿದ ಮೇಲೆ ಗಾಳದ ಕೋಲನ್ನು ಒಬ್ಬರೇ ಹಿಡಿದಿರಬೇಕು, ಇನ್ನೊಂದು ಕೈ ತಾಗಿದರೆ ಮೀನು ಲೆಕ್ಕಕ್ಕಿಲ್ಲ. ‘ಕ್ಯಾಪ್ಟನ್ ಕೈ ಕೋಲಿಗೆ ತಾಗಿದ್ದರಿಂದ ಈ ಮೀನನ್ನು ಪರಿಗಣಿಸಿಲ್ಲ’ ಅಂತ ನಾನು ಬರೆದೆ. ನೀನು ತೋಳಿನ ತುಂಬ ಉಪ್ಪು ಅಂಟಿಸಿಕೊಂಡು ನನ್ನ ಕೋಣೆಗೆ ಹತ್ತಿ ಬಂದೆ. "ಅಕ್ಕಾ, ನೀನು ನೋಡಿದ್ಯಾ?" ಅಂತ ಒಂದೇ ಮಾತು ಕೇಳಿದೆ. "ನೋಡ್ದೆ" ಅಂದೆ. ನೀನು ಇಳಿದು ಹೋದೆ. ಕಾಯಂ ಗಿರಾಕಿಗಳು ನಿನ್ನ ದೋಣಿ ಬಿಟ್ಟರು, ನೀನು ದೋಣಿಯನ್ನೇ ಬಿಟ್ಟೆ. ಬಸ್ಸು ಹತ್ತುವಾಗಲೂ ನನಗೆ ಹೇಳಲಿಲ್ಲ.

ಎಣ್ಣೆತಲೆಯ ಕಥೆ ಮುಗಿದಿಲ್ಲ. ಮಾರನೆಯ ದಿನ ಹೋಗಿ ನೋಡಿದರೆ ಬಾಗಿಲಿಗೆ ಹೊಸ ಬೀಗ. ಐಸ್ ಫ್ಯಾಕ್ಟರಿಯ ಮೇಲಿನ ಆ ಕೋಣೆ ನೆನಪಿದೆಯಲ್ಲ, ಕೆಳಗೆ ಮಿಶಿನ್ ಹೊಡೆದುಕೊಂಡಾಗಲೆಲ್ಲ ಮೇಜಿನ ಮೇಲಿನ ಪೆನ್ಸಿಲು ತಾನೇ ನಡೆಯುತ್ತಿತ್ತು. ನನ್ನ ಥರ್ಮಾಮೀಟರು, ದುರ್ಬೀನು, ಇಪ್ಪತ್ತೆರಡು ವರ್ಷದ ಹಾಳೆಗಳು, ಎಲ್ಲ ಒಳಗೆ. ಮನೆಯಿಂದ ಒಯ್ದಿದ್ದ ಹಳೆ ಚಪ್ಪಲಿಯೂ ಒಳಗೇ. ಅದನ್ನಾದರೂ ಕೊಡಪ್ಪ ಅಂದರೆ ಕಾವಲಿನವನು, "ಕಮಿಟಿ ಕೇಳ್ಬೇಕು" ಅಂದ. ಚಪ್ಪಲಿಗೂ ಕಮಿಟಿ! ಚಪ್ಪಲಿ ಕೈಗೆ ಸಿಕ್ಕರೆ ನಾನು ಏನು ಮಾಡಿಯೇನು ಅಂತ ಅವರಿಗೆ ಭಯವಿರಬೇಕು.

ನಾನು ಅಳುತ್ತಾ ಮನೆಗೆ ಬಂದೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ಅತ್ತಿದ್ದು ಮನೆಗೆ ಬಂದ ಮೇಲೆ, ಅದೂ ಸಿಟ್ಟಿಗೆ. ನಿಮ್ಮ ಭಾವ ಬಣ್ಣದ ಡಬ್ಬಿ ಹಿಡಿದು ಹೊರಟರು. ಧಕ್ಕೆಯ ಎದುರಿಗೇ ಇರುವ ಅವರ ಇಂಜಿನ್ ರಿಪೇರಿ ಶೆಡ್ಡಿನ ಎರಡೂ ಬಾಗಿಲಿಗೆ ಕಪ್ಪು ಬಣ್ಣ ಬಳಿದರು. ಒಣಗಿದ ಮೇಲೆ ನನ್ನನ್ನು ಕರೆದುಕೊಂಡು ಹೋಗಿ, "ಹಾಳೆ ಹೋದ್ರೆ ಹೋಗ್ಲಿ, ಇದರಷ್ಟು ದೊಡ್ಡ ಹಾಳೆ ಅವರ ಹತ್ರ ಇಲ್ಲ. ಬರಿ" ಅಂದರು. ನಮ್ಮ ಮನೆಯವರು ಇಷ್ಟು ಉದ್ದ ಮಾತಾಡಿದ್ದು ಮದುವೆಯಾದ ಮೇಲೆ ಇದೇ ಮೊದಲು.

ಬುಧವಾರದಿಂದ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೇನೆ, ವಾರಕ್ಕೊಂದು ಸಲವಲ್ಲ, ದಿನಾ. ಆ ಕಡೆ ಸಂಘದ ಹಲಗೆಯ ಮೇಲೆ ಎಣ್ಣೆತಲೆಯ ಅಳಿಯ ಬಣ್ಣಬಣ್ಣದ ಅಕ್ಷರದಲ್ಲಿ ‘ಹಾಯಿಮೀನಿನ ಸುಗ್ಗಿ!’ ಅಂತ ಬರೆಯುತ್ತಾನೆ. ರೈಲು ಓಡಿಸಿ ನಿವೃತ್ತರಾದ ಒಬ್ಬ ಅತಿಥಿ ಎರಡನ್ನೂ ಓದಿ ನನ್ನ ಹತ್ತಿರ ಬಂದರು. "ಏನಮ್ಮಾ, ಯಾವ್ದನ್ನ ನಂಬ್ಲಿ?" "ನಾಲ್ಕು ಗಂಟೆಗೆ ಬಂದು ದೋಣಿ ಕಂಬ ನೋಡಿ" ಅಂದೆ. ನೋಡಿದರು. ಮರುದಿನ ಮಡಚುವ ಕುರ್ಚಿ ತಂದರು, ಅದರ ಮರುದಿನ ಹೆಂಡತಿಯನ್ನೂ ಕರೆತಂದರು. ಈಗ ನಾಲ್ಕಕ್ಕೆ ಶೆಡ್ಡಿನ ಮುಂದೆ ಒಂದು ಸಭೆಯೇ ಸೇರುತ್ತದೆ. ಕ್ಯಾಪ್ಟನ್‌ಗಳು ಹಿಂದಿನ ಕಿಟಕಿಯಿಂದ ತಲೆ ಹಾಕಿ, "ಅಕ್ಕಾ, ನಮ್ದೂ ಸೊನ್ನೆ. ಬರ್ಕೊಳ್ಳಿ, ಆದ್ರೆ ನಾನು ಹೇಳ್ದೆ ಅನ್ಬೇಡಿ" ಅಂತ ಪಿಸುಗುಟ್ಟಿ ಹೋಗುತ್ತಾರೆ.

ಸುಲಭವಾಗಿದೆ ಅಂದುಕೊಳ್ಳಬೇಡ. ಯಾವ ದೋಣಿಯೂ ಇಂಜಿನ್ನನ್ನು ನಿಮ್ಮ ಭಾವನ ಶೆಡ್ಡಿಗೆ ಕೊಡಬಾರದು ಅಂತ ಸಂಘ ಹುಕುಂ ಹೊರಡಿಸಿದೆ. ಮೂರು ದಿನದಿಂದ ಅವರು ಖಾಲಿ ಶೆಡ್ಡಿನಲ್ಲಿ ಇದ್ದಬದ್ದ ಸ್ಪ್ಯಾನರುಗಳನ್ನೇ ಒರೆಸಿಡುತ್ತಿದ್ದಾರೆ. "ನಡುನೀರಲ್ಲಿ ಇಂಜಿನ್ ನಿಂತಾಗ ಕಮಿಟಿ ಬಂದು ತಳ್ಳುತ್ತಾ ನೋಡೋಣ" ಅನ್ನುತ್ತಾರೆ. ನಗುತ್ತಲೇ ಅನ್ನುತ್ತಾರೆ, ಆದರೆ ಊಟ ಕಡಿಮೆ ಮಾಡಿದ್ದಾರೆ.

ನಿನ್ನೆ ಎಣ್ಣೆತಲೆ ಮತ್ತೆ ಬಂದಿದ್ದ. ಶನಿವಾರ, ಅಂದರೆ ಇವತ್ತು, ನನ್ನ ಸಹಿ ಹಾಕಿ ಒಂದು ತಿದ್ದುಪಡಿ ಬರೆದರೆ ಸಾಕಂತೆ. ಬೀಗದ ಕೈಯೂ ವಾಪಸು, ಶೆಡ್ಡಿಗೆ ಇಂಜಿನ್ನೂ ವಾಪಸು. ನಿಮ್ಮ ಭಾವನ ಮುಖ ನೋಡಿದೆ. ಅವರು ಸ್ಪ್ಯಾನರು ಒರೆಸುತ್ತಲೇ ಇದ್ದರು. "ಆಯ್ತು, ತಿದ್ದುಪಡಿ ಹಾಕ್ತೀನಿ" ಅಂದೆ. ಅವನು ಖುಷಿಯಾಗಿ ಕೈಮುಗಿದು ಹೋದ.

ಇವತ್ತು ಬೆಳಿಗ್ಗೆ ಹಾಕಿ ಬಂದೆ. ಬೀಗದ ಕೈ ಬರುವುದಿಲ್ಲ, ಇಂಜಿನ್ನೂ ಬರುವುದಿಲ್ಲ. ನಾನು ಬಗ್ಗಿಲ್ಲ, ಬಗ್ಗುವುದೂ ಇಲ್ಲ. ಸೀಮೆಸುಣ್ಣ ಮುಗಿದರೆ ಇದ್ದಿಲಲ್ಲಿ ಬಿಳಿ ಗೋಡೆಯ ಮೇಲೆ ಬರೆದೇನು.

ಅಲ್ಲಿ ನೀರು ನೀಲಿಯಿದೆಯಾ? ಮಧ್ಯಾಹ್ನದ ಬಿಸಿಲಲ್ಲಿ ಟೋಪಿ ಹಾಕಿಕೋ, ನಿನಗೆ ಹೇಳಿದರೆ ಕೇಳುವವಳಲ್ಲ. ನಿನ್ನ ದೋಣಿಗೆ ಒಳ್ಳೆಯ ಗಾಳಿ ಸಿಗಲಿ, ಕೈಗೆ ಬಲವಿರಲಿ, ಯಾರ ಮುಂದೆಯೂ ತಲೆ ತಗ್ಗಿಸುವ ದಿನ ನಿನಗೆ ಬಾರದಿರಲಿ.

ನಿನ್ನ
ಹಟಮಾರಿ ಅಕ್ಕ

ತಾ.ಕ.: ಸೋಮವಾರದ ಮಾತನ್ನು ನಾನು ಪೂರ್ತಿ ಬರೆಯಲಿಲ್ಲ. ಸ್ವಂತ ತಂಗಿ ಮೀನನ್ನೇ ಹೊಡೆದು ಹಾಕಿದ ಕೈ ಅಂದೆನಲ್ಲ, ಅದಕ್ಕೆ ಎಣ್ಣೆತಲೆ ನಕ್ಕ. "ಅಕ್ಕಾ, ಅವತ್ತು ನೀವೆಲ್ಲಿ ನೋಡಿದ್ರಿ? ನಾನು ಬಂದು ಹೇಳಿದ್ದನ್ನ ಬರ್ಕೊಂಡ್ರಿ. ಆಗ ನನ್ನ ಮಾತು ಸಾಕಾಗಿತ್ತು, ಈಗ್ಯಾಕೆ ಸಾಲಲ್ಲ?" ಅಂದ.

ನಿಜ ಚೂಟಿ. ನಾನು ನೋಡಿರಲಿಲ್ಲ. ದುರ್ಬೀನು ಮೇಲೆ ಕಿಟಕಿಯಲ್ಲಿತ್ತು. ನಾನು ಕೆಳಗೆ, ನಿನ್ನ ಮೀನು ತೂಗಬೇಕು ಅಂತ ತಕ್ಕಡಿಯ ಕೊಂಡಿ ಒರೆಸುತ್ತಾ ನಿಂತಿದ್ದೆ. ಅವನು ತನ್ನ ದೋಣಿಯಿಂದ ಇಳಿದು ಬಂದು, ನಿನ್ನ ಕೈ ಕೋಲಿಗೆ ತಾಗಿತು ಅಂತ ಹೇಳಿದ. ಬರೆಯದಿದ್ದರೆ ಅಕ್ಕ ತಂಗಿಯ ಪರ ಅಂತ ಜನ ಆಡಿಕೊಳ್ಳುತ್ತಾರೆ ಅನ್ನಿಸಿತು. ಬರೆದೆ. ನೀನು ಕೇಳಿದಾಗ ನಿನ್ನ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದೆ. ಸೋಮವಾರ ಅವನನ್ನು ಕೇಳಿದೆ, ನೀವಾದರೂ ಸರಿಯಾಗಿ ನೋಡಿದ್ರಾ ಅಂತ. "ಕೈ ಆ ಕಡೆ ಹೋಗಿದ್ದು ಕಂಡ್ತು. ತಾಗ್ತೋ ಇಲ್ವೋ ಯಾರಿಗ್ಗೊತ್ತು" ಅಂದ.

ಇವತ್ತು ಬಾಗಿಲ ಮೇಲೆ ಬರೆದ ತಿದ್ದುಪಡಿ ಇದು: ‘ಮೂರು ವರ್ಷದ ಹಿಂದೆ ಬೆಳ್ಳಿಚುಕ್ಕಿ ದೋಣಿಯ ಹಾಯಿಮೀನನ್ನು ತಳ್ಳಿಹಾಕಿದ ಸಾಲನ್ನು ಬರೆದವಳು ನಾನು. ಅದನ್ನು ನಾನು ನೋಡಿರಲಿಲ್ಲ. ನೋಡಿದೆ ಎಂದು ಸುಳ್ಳು ಹೇಳಿದೆ.’ ಕೆಳಗೆ ನನ್ನ ಸಹಿ. ಜನ ಓದಿದರು. ಒಬ್ಬೊಬ್ಬರೇ ಹೊರಟರು. ರೈಲಿನ ಯಜಮಾನರು ಮಾತ್ರ, "ಹಂಗಾದ್ರೆ ನಿಮ್ಮನ್ನ ಹೆಂಗಮ್ಮಾ ನಂಬೋದು?" ಅಂದರು. "ನಂಬಬೇಡಿ. ಬಂದು ನೀವೇ ನೋಡಿ" ಅಂದೆ. ಕುರ್ಚಿ ಮಡಚಿಕೊಂಡು ಹೋದರು.

ಆ ಮೀನು ಲೆಕ್ಕಕ್ಕಿದೆ ಅಂತಲೂ ಒಂದು ಸಾಲು ಸೇರಿಸಲು ಕೈ ಹೋಯಿತು. ಸೇರಿಸಲಿಲ್ಲ. ನಿನ್ನ ಕೈ ಕೋಲಿಗೆ ತಾಗಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಂಬತ್ತು ದೋಣಿಯವರನ್ನೂ ದಿನಾ ನಿಲ್ಲಿಸಿ ಕೇಳುವವಳು, ನಿನ್ನೊಬ್ಬಳನ್ನು ಕೇಳಲೇ ಇಲ್ಲ. ಈಗ ಕೇಳುತ್ತಿದ್ದೇನೆ. ತಾಗಿತ್ತು ಅನ್ನು, ಇಲ್ಲ ಅನ್ನು, ನೀನು ಹೇಳಿದ್ದನ್ನೇ ಬರೆಯುತ್ತೇನೆ.