ಉಷಾ, ನಿಮ್ಮವ್ವನ ರಿಪೋರ್ಟ್ ಎಲ್ಲಿಟ್ಟೆ?

ಯಲ್ಲದಕೆರೆ
೧೪ ನವೆಂಬರ್ ೨೦೨೫

ಪ್ರೀತಿಯ ಮಗಳು ಉಷಾರಾಣಿಗೆ,

ಮೈ ಹುಷಾರಾಗೈತೇನವ್ವ? ಪೊಲೀಸ್ ಟ್ರೈನಿಂಗಲ್ಲಿ ನಸುಕಿಗೇ ಓಡಿಸ್ತಾರಂತೆ. ಬೂಟು ಕಚ್ಚಿದ ಗಾಯ ವಾಸಿ ಆಯ್ತಾ? ಊಟ ಮಾತ್ರ ಬಿಡಬ್ಯಾಡ. ಇಲ್ಲಿ ಶೇಂಗಾ ಕಿತ್ತಾಯ್ತು. ನಿನ್ನ ಕರೀಕುರಿ ಮರಿ ಹಾಕೈತೆ, ಥೇಟ್ ತಾಯಿ ಹಂಗೇ ಐತೆ.

ಈಗ ಸುದ್ದಿಗೆ ಬರ್ತೀನಿ. ನಿಮ್ಮವ್ವನ ಹೊಟ್ಟೆನೋವಿಗೆ ಹಿರಿಯೂರಲ್ಲಿ ಸ್ಕ್ಯಾನಿಂಗ್ ಮಾಡಿಸಿದ್ವಲ್ಲ, ಆ ರಿಪೋರ್ಟು ನೀನು ಹೊರಡೋ ಹಿಂದಿನ ದಿನ ನಿನ್ನ ಫೋನಿಗೆ ಬಂತು. ಬಟ್ಟೆ ಜೋಡಿಸೋ ಗಡಿಬಿಡೀಲಿ ಓದದೇ ಡೌನ್‌ಲೋಡ್ ಮಾಡಿಟ್ಟು, ಚಿತ್ರದುರ್ಗದ ಡಾಕ್ಟರಿಗೆ ಇದನ್ನೇ ತೋರಿಸು ಅಂದೆ. ಅಲ್ಲಿ ಫೋನ್ ಇಟ್ಕಳಂಗಿಲ್ಲ ಅಂತ ನನ್ನ ಕೈಗೆ ಕೊಟ್ಟು ಬಸ್ ಹತ್ತಿದೆ. ಮಂಗಳವಾರ ಹೋಗಿದ್ವಿ. ಡಾಕ್ಟರು ರಿಪೋರ್ಟ್ ಕೇಳಿದ್ರು. ಫೋಟೋ ಇರೋ ಕಡೆ ನೋಡಿದೆ, ನೀನು, ಕುರಿ, ಕಣ, ಎಲ್ಲಾ ಬಂದ್ವು. ವಾಟ್ಸಾಪಲ್ಲೂ ಇಲ್ಲ. ನರ್ಸಮ್ಮ ಈಸ್ಕೊಂಡು, ಡೌನ್‌ಲೋಡ್ ಆಗಿದ್ದು ಈ ಫೈಲ್ಸ್ ಒಳಗೇ ಇರಬೇಕು ಅಂತ ತೆಗೆದ್ಲು. ನಿನ್ನ ಹಾಲ್‌ಟಿಕೆಟ್ ಸಿಕ್ತು, ಹಾಡು ಸಿಕ್ವು, ಅದೊಂದಿಲ್ಲ. ಮರೆಯಾಗಿರೋ ಫೈಲೂ ಕಾಣೋ ಹಂಗೆ ಏನೋ ಒತ್ತಿದ್ಲು. ಅಳಿಸಿದ್ದು ಬೀಳೋ ಬುಟ್ಟೀನೂ ನೋಡಿದ್ಲು. ಹೆಸರು ಹೇಳ್ರಿ, ಹುಡುಕ್ತೀನಿ ಅಂದ್ರೆ ನಂಗೆ ಅದರ ಹೆಸರೇನು ಗೊತ್ತು? ತಪ್ಪಿಸ್ಕೊಂಡ ಮರಿ ಆದ್ರೆ ಕೂಗಿದ್ರೆ ಅರಚುತ್ತೆ, ಇದನ್ನ ಹೆಂಗೆ ಕರೀಲಿ ಮಗಳೇ?

ನಿಮ್ಮವ್ವ ಬೆಂಚಿನ ಮೇಲೆ ಸೆರಗು ತಿರುವ್ತಾ ಕುಂತಿದ್ಲು. ಸಿಗದಿದ್ರೆ ಬಿಡ್ರಿ, ಊರಿಗೆ ಹೋಗಾಣ ಅಂದ್ಲು. ನಂಗೆ ಸಿಟ್ಟು ಬಂದು ಅಷ್ಟು ಜನದ ಮುಂದೆ ಗದರಿದೆ. ಡಾಕ್ಟರು ಮತ್ತೆ ಸ್ಕ್ಯಾನಿಂಗ್ ಮಾಡಿಸಿದ್ರು, ಶುಕ್ರವಾರ ಬಂದು ರಿಪೋರ್ಟ್ ತಗೊಂಡು ಕಾಣ್ರಿ ಅಂದ್ರು, ಇವತ್ತು ಹೋಗಬೇಕು. ಆದ್ರೂ ಹಳೇದು ಬೇಕಂತೆ, ಹೊಟ್ಟೇಲಿರೋ ಗಂಟು ಆಗಿಂದ ಎಷ್ಟು ಬೆಳೆದೈತೆ ಅಂತ ತಿಳೀಬೇಕಂತೆ. ಭಾನುವಾರ ನೀನು ಫೋನ್ ಮಾಡಿದಾಗ ಕೇಳಾಣ ಅಂದ್ರೆ ಅವಳು ಪಕ್ಕದಲ್ಲೇ ಕುಂತಿರ್ತಾಳೆ, ಆ ಮಾತೇ ಎತ್ತಬ್ಯಾಡ ಅಂತ ಈಗ್ಲೇ ಹೇಳ್ಯಾಳೆ. ಅದಕ್ಕೇ ಈ ಕಾಗದ. ಎಲ್ಲಿಟ್ಟೆ, ಎಲ್ಲಿ ಒತ್ತಬೇಕು, ಬಿಡಿಸಿ ಬರಿ.

ಮೈ ಗಟ್ಟಿ ಇರಲಿ, ಮನಸು ಗಟ್ಟಿ ಇರಲಿ, ತಾಯಿ.

ನಿಮ್ಮಪ್ಪ
ಹಾಲಸ್ವಾಮಿ

ವಿ.ಸೂ.: ಉಷಾ, ಮೇಲಿಂದೆಲ್ಲ ಬೆಳಗ್ಗೆ ಬರೆದಿದ್ದು. ಈಗ ದುರ್ಗದಿಂದ ಬಂದ್ವಿ. ಗಂಟು ದೊಡ್ಡದೈತೆ, ಮುಂದಿನ ತಿಂಗಳು ಆಪರೇಷನ್ ಅಂತೆ. ದಾರೀಲಿ ನಿಮ್ಮವ್ವ ಬಾಯಿ ಬಿಟ್ಲು. ನೀನು ಹೊರಡೋ ಹಿಂದಿನ ಸಂಜೆ ಪಕ್ಕದ ಮನೆ ಸುಮನ ಕೈಲಿ ರಿಪೋರ್ಟ್ ಓದಿಸಿದ್ಲಂತೆ. ಆಮೇಲೆ ಅವಳ ಕೈಲೇ ಅಳಿಸಿ, ಬುಟ್ಟೀನೂ ಖಾಲಿ ಮಾಡಿಸಿದ್ಲಂತೆ. "ಅದನ್ನ ಓದಿದ್ರೆ ನನ್ನ ಮಗಳು ಬಸ್ ಹತ್ತತಿರ್ಲಿಲ್ಲ" ಅಂದ್ಲು. ನಿಂಗೆ ತಿಳಿಸಬಾರದು ಅಂತ ಆಣೆ ಹಾಕಿಸ್ಕೊಂಡು ಒಳಗೆ ಹೋಗಿ ಮಲಗ್ಯಾಳೆ. ಬಾ ಅನ್ಲೋ, ಬರಬ್ಯಾಡ ಅನ್ಲೋ, ನಂಗೆ ತಿಳೀತಿಲ್ಲ. ಬರೆದಿದ್ದನ್ನ ಹರಿಯಾಕೂ ಕೈ ಬರ್ತಿಲ್ಲ. ಹಂಗೇ ಅಂಚೆ ಡಬ್ಬಿಗೆ ಹಾಕ್ತಿದೀನಿ.